ಓಟ ಮುಗಿದ ಮೂರನೆಯ ದಿನ ಎಎಸ್‌ಟಿ 164, ಎಎಲ್‌ಟಿ 79: ತೊಂದರೆ ಯಕೃತ್ತಿನದೋ, ಸ್ನಾಯುವಿನದೋ?

ಮುಂಜಾನೆಯ ಓಟಗಾರ

ಭಾನುವಾರ ಮ್ಯಾರಥಾನ್ ಓಡಿದೆ. ಬುಧವಾರ ಕಚೇರಿಯವರು ಏರ್ಪಡಿಸಿದ ವಾರ್ಷಿಕ ಆರೋಗ್ಯ ತಪಾಸಣೆಗೆ ರಕ್ತ ಕೊಟ್ಟೆ. ವರದಿಯಲ್ಲಿ ಯಕೃತ್ತಿನ ಕಿಣ್ವಗಳೆಂದು ಕರೆಯುವ ಎಎಸ್‌ಟಿ 164, ಎಎಲ್‌ಟಿ 79 ಎಂದಿದೆ. ಎರಡಕ್ಕೂ ಮೇಲ್ಮಿತಿ 40. ವರದಿ ನೋಡಿದ ವೈದ್ಯರು ಮೊದಲು ಕೇಳಿದ್ದೇ ಮದ್ಯಪಾನದ ಬಗ್ಗೆ. ನಾನು ಕುಡಿಯುವುದಿಲ್ಲ ಎಂದರೂ ಅದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಕೊನೆಗೆ "ಯಕೃತ್ತಿನಲ್ಲಿ ಕೊಬ್ಬು ಸೇರಿರಬಹುದು, ಓಟ ನಿಲ್ಲಿಸಿ" ಎಂದು ಬರೆದುಕೊಟ್ಟರು.

ಇನ್ನೊಂದು ಸಂಗತಿಯೂ ಇದೆ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಹೊಟ್ಟೆಯಲ್ಲಿ ಹಿಂಡುವಂತಹ ನೋವು ಶುರುವಾಗಿ, ಓಟ ಮುಗಿದ ಮೇಲೆ ಭೇದಿಯೂ ಆಯಿತು. ಉದ್ದದ ಓಟಗಳಲ್ಲಿ ನನಗೆ ಇದು ಹೊಸದಲ್ಲ. ರಕ್ತಪರೀಕ್ಷೆಗೂ ಹೊಟ್ಟೆಯ ಈ ತೊಂದರೆಗೂ ಸಂಬಂಧ ಇದೆಯೇ? ಓಟ ನಿಲ್ಲಿಸುವ ಮೊದಲು ತಿಳಿದವರ ಮಾತು ಕೇಳಬೇಕು ಅನಿಸಿತು.

ಪ್ರಯೋಗಾಲಯದಿಂದ

ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಇಂತಹ ವರದಿಗಳು ನಮ್ಮ ಕಣ್ಣಿಗೆ ಆಗಾಗ ಬೀಳುತ್ತವೆ. ಚೀಟಿಯಲ್ಲಿ "ನಿನ್ನೆ ಮೊನ್ನೆ ಏನು ಮಾಡಿದಿರಿ" ಎಂಬುದಕ್ಕೆ ಜಾಗವೇ ಇರುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಯೇ.

ಎಎಸ್‌ಟಿ, ಎಎಲ್‌ಟಿ ಎರಡನ್ನೂ "ಯಕೃತ್ತಿನ ಕಿಣ್ವಗಳು" ಎಂದು ಕರೆಯುವ ರೂಢಿ ಇದೆಯಾದರೂ ಅವು ಯಕೃತ್ತಿನ ಸ್ವತ್ತಲ್ಲ. ಎಎಸ್‌ಟಿ ಅಸ್ಥಿಸ್ನಾಯು, ಹೃದಯ, ಮೂತ್ರಪಿಂಡ, ಕೆಂಪು ರಕ್ತಕಣಗಳಲ್ಲೆಲ್ಲ ಇದೆ. ಎಎಲ್‌ಟಿ ಹೆಚ್ಚಾಗಿರುವುದು ಯಕೃತ್ತಿನಲ್ಲೇ ಆದರೂ ಸ್ನಾಯುವಿನಲ್ಲಿಯೂ ಸ್ವಲ್ಪ ಇದೆ. 42 ಕಿಲೋಮೀಟರ್ ಓಡಿದಾಗ ತೊಡೆ, ಮೀನಖಂಡಗಳ ಸ್ನಾಯುತಂತುಗಳು ಅಲ್ಲಲ್ಲಿ ಹರಿದು ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಎಎಸ್‌ಟಿ ಹೆಚ್ಚು, ಎಎಲ್‌ಟಿ ಕಡಿಮೆ ಎಂಬ ನಿಮ್ಮ ವರದಿಯ ಸ್ವರೂಪ ಅದಕ್ಕೇ ಹೊಂದುತ್ತದೆ. ಮದ್ಯದಿಂದ ಯಕೃತ್ತು ಊದಿಕೊಂಡವರಲ್ಲಿಯೂ ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟು ಇರುತ್ತದೆ. ಆ ವೈದ್ಯರ ಪ್ರಶ್ನೆ ಅಲ್ಲಿಂದ ಬಂದಿರಬೇಕು.

ಇದನ್ನು ಬಿಡಿಸುವ ಪರೀಕ್ಷೆ ಸುಲಭದ್ದು: ಕ್ರಿಯಾಟಿನ್ ಕೈನೇಸ್, ಅಂದರೆ ಸಿಕೆ. ಇದು ಸ್ನಾಯುವಿನ ಕಿಣ್ವ, ಯಕೃತ್ತಿನಲ್ಲಿ ಇಲ್ಲವೆಂದೇ ಹೇಳಬಹುದು. ಸಿಕೆ ಸಾವಿರಗಳಲ್ಲಿದ್ದರೆ ಎಎಸ್‌ಟಿ ಬಂದದ್ದು ಎಲ್ಲಿಂದ ಎಂಬುದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಂತೆ. ಜೊತೆಗೆ ಯಕೃತ್ತಿನ ಇನ್ನೊಂದು ಕಿಣ್ವವಾದ ಜಿಜಿಟಿ ನೋಡಿಸಿ. ಅದು ಸ್ನಾಯುವಿನಿಂದ ಏರುವುದಿಲ್ಲ. ಭಾರ ಎತ್ತುವ ಅಭ್ಯಾಸವಿಲ್ಲದ ಆರೋಗ್ಯವಂತ ಗಂಡಸರಿಂದ ಒಂದು ಗಂಟೆ ಭಾರ ಎತ್ತಿಸಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಎಸ್‌ಟಿ, ಎಎಲ್‌ಟಿ, ಸಿಕೆ ಕನಿಷ್ಠ ಏಳು ದಿನ ಏರಿಯೇ ಇದ್ದವು. ಜಿಜಿಟಿಯಾಗಲಿ, ಯಕೃತ್ತು ಹೊರಹಾಕುವ ಹಳದಿ ವಸ್ತುವಾದ ಬಿಲಿರುಬಿನ್ ಆಗಲಿ ಅಲುಗಲಿಲ್ಲ. ನೀವು ರಕ್ತ ಕೊಟ್ಟದ್ದು ಮೂರನೆಯ ದಿನ.

ಹಿರಿಯ ಸವಾರ

ಒಂದು ಎಚ್ಚರಿಕೆ ಹೇಳುತ್ತೇನೆ. ಓಟಗಾರರ, ಸೈಕಲ್ ಸವಾರರ ಗುಂಪುಗಳಲ್ಲಿ "ಅದೆಲ್ಲ ವ್ಯಾಯಾಮದಿಂದ, ಬಿಟ್ಟುಬಿಡಿ" ಎನ್ನುವುದು ಅಭ್ಯಾಸವಾಗಿಬಿಟ್ಟಿದೆ. ನಮ್ಮ ಗುಂಪಿನ ಒಬ್ಬ ಗಟ್ಟಿಮುಟ್ಟಾದ ಸವಾರನಿಗೆ ಎಎಲ್‌ಟಿ ವರ್ಷಗಟ್ಟಲೆ ಏರಿತ್ತು. ಎಲ್ಲರೂ ತರಬೇತಿಯ ಮೇಲೆ ಹಾಕಿದೆವು. ಕೊನೆಗೆ ಯಾರೋ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಬಿ ಸಿಕ್ಕಿತು. ಓಡುವವನಿಗೆ ಯಕೃತ್ತಿನ ಕಾಯಿಲೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಸಿಕೆ ಏರಿದೆ ಎಂದ ಮಾತ್ರಕ್ಕೆ ಯಕೃತ್ತು ಸರಿಯಿದೆ ಎಂದೂ ಆಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಪ್ರಯೋಗಾಲಯದಿಂದ

ಸರಿಯಾದ ಮಾತು. ಅದಕ್ಕೇ ಬಿಡುವಿನ ನಂತರ ಮತ್ತೊಮ್ಮೆ ರಕ್ತ ಕೊಡುವುದು ಮುಖ್ಯ. ಒಂದು ವಾರವಾದರೂ, ಸಾಧ್ಯವಾದರೆ ಹತ್ತು ಹದಿನಾಲ್ಕು ದಿನ ಕಠಿಣ ಓಟವಾಗಲಿ ಭಾರ ಎತ್ತುವುದಾಗಲಿ ಬೇಡ. ನಡಿಗೆಗೆ ಅಡ್ಡಿಯಿಲ್ಲ. ರಕ್ತದಲ್ಲಿ ಎಎಸ್‌ಟಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಸಾಕು, ಎಎಲ್‌ಟಿಗೆ ಸುಮಾರು 47 ಗಂಟೆ ಬೇಕು. ಹೀಗಾಗಿ ದಿನ ಕಳೆದಂತೆ ಎರಡರ ಅನುಪಾತವೇ ಬದಲಾಗುತ್ತದೆ. ಒಂದು ದಿನದ ಅನುಪಾತವನ್ನು ಹಿಡಿದುಕೊಂಡು ಮದ್ಯಪಾನಿ ಎಂಬ ಹಣೆಪಟ್ಟಿ ಅಂಟಿಸುವುದು ಅನ್ಯಾಯ.

ಜೀರ್ಣಾಂಗ ವೈದ್ಯೆ

ಮೂಲ ಪ್ರಶ್ನೆಯಲ್ಲಿ ಎರಡು ಎಳೆಗಳಿವೆ. ರಕ್ತದ ಎಳೆಯನ್ನು ಮೇಲಿನವರು ಚೆನ್ನಾಗಿಯೇ ಬಿಡಿಸಿದ್ದಾರೆ. ಕರುಳಿನ ಎಳೆಯನ್ನು ನಾನು ಹಿಡಿದುಕೊಳ್ಳುತ್ತೇನೆ, ಏಕೆಂದರೆ ಎರಡೂ ಒಂದು ಕಡೆ ಸೇರುತ್ತವೆ.

ಸುಮ್ಮನೆ ಕುಳಿತಿದ್ದಾಗ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಜಠರ, ಕರುಳು, ಗುಲ್ಮ, ಯಕೃತ್ತುಗಳಿಗೆ ಹೋಗುತ್ತದೆ. ಜೋರಾಗಿ ಓಡಲು ತೊಡಗಿದೊಡನೆ ಕಾಲಿನ ಸ್ನಾಯುಗಳಿಗೂ ಬೆವರುವ ಚರ್ಮಕ್ಕೂ ರಕ್ತ ಬೇಕು. ದೇಹ ಅದನ್ನು ಹೊಟ್ಟೆಯಿಂದ ಕಿತ್ತುಕೊಳ್ಳುತ್ತದೆ. ತೀವ್ರ ವ್ಯಾಯಾಮದಲ್ಲಿ ಕರುಳಿನ ರಕ್ತದ ಹರಿವು ಶೇಕಡಾ 80ರವರೆಗೆ ಇಳಿಯಬಲ್ಲದು. ಬಿಸಿಲು, ನಿರ್ಜಲೀಕರಣ ಸೇರಿದರೆ ಇನ್ನೂ ಕಷ್ಟ. ಕರುಳಿನ ಒಳಪದರದ ಕೋಶಗಳು ಆಮ್ಲಜನಕವಿಲ್ಲದೆ ನರಳುತ್ತವೆ, ಕೋಶಗಳ ನಡುವಿನ ಬಿಗಿಯಾದ ಕೀಲುಗಳು ಸಡಿಲವಾಗುತ್ತವೆ. ಆಗ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕೆ ನುಸುಳುತ್ತದೆ. ಕರುಳಿನ ರಕ್ತವೆಲ್ಲ ಮೊದಲು ತಲುಪುವುದು ಯಕೃತ್ತಿಗೆ. ಅಲ್ಲಿರುವ ಕುಪ್ಫರ್ ಕೋಶಗಳು ಈ ವಿಷಾಂಶವನ್ನು ಹಿಡಿದು ನುಂಗುತ್ತವೆ. ಹೆಚ್ಚಿನ ಓಟಗಳಲ್ಲಿ ಯಕೃತ್ತು ಇದನ್ನು ಸದ್ದಿಲ್ಲದೆ ನಿಭಾಯಿಸುತ್ತದೆ. ನಿಮ್ಮ ಪ್ರಶ್ನೆಯಲ್ಲಿದ್ದ ಸಂಬಂಧ ಇದೇ. ಆದರೆ ನಿಮ್ಮ 164ಕ್ಕೆ ಇದು ಕಾರಣವೆಂದು ನನಗೆ ಅನಿಸುವುದಿಲ್ಲ, ಅದು ಸ್ನಾಯುವಿನ ಲೆಕ್ಕ.

ದೂರದ ಓಟಗಾರರಲ್ಲಿ ಹೊಟ್ಟೆಯ ತೊಂದರೆ ಎಷ್ಟು ಸಾಮಾನ್ಯ ಎಂಬುದಕ್ಕೆ ಅಧ್ಯಯನಗಳು ಶೇಕಡಾ 30ರಿಂದ 90ರವರೆಗೆ ಲೆಕ್ಕ ಕೊಡುತ್ತವೆ. ಓಟದ ದೂರ, ಹವೆ, ಪ್ರಶ್ನೆ ಕೇಳಿದ ರೀತಿಗೆ ತಕ್ಕಂತೆ ಅದು ಬದಲಾಗುತ್ತದೆ. ಸೈಕಲ್ ಸವಾರರಿಗೆ ಬಾಗಿ ಕೂರುವುದರಿಂದ ಎದೆಯುರಿ, ತೇಗು, ವಾಕರಿಕೆ ಹೆಚ್ಚು. ಓಟಗಾರರಿಗೆ ಪ್ರತಿ ಹೆಜ್ಜೆಯ ಕುಲುಕಾಟದಿಂದ ಕೆಳಹೊಟ್ಟೆಯ ನೋವು, ಅವಸರದ ಮಲವಿಸರ್ಜನೆ, ಭೇದಿ ಹೆಚ್ಚು. ಜಗತ್ತಿನ ಅತ್ಯುತ್ತಮರೂ ಇದರಿಂದ ತಪ್ಪಿಸಿಕೊಂಡಿಲ್ಲ. 1996ರಲ್ಲಿ ನೂರನೆಯ ಬಾಸ್ಟನ್ ಮ್ಯಾರಥಾನನ್ನು ಉಟಾ ಪಿಪ್ಪಿಗ್ ಗೆದ್ದದ್ದು ಹೊಟ್ಟೆನೋವು, ಭೇದಿಗಳ ನಡುವೆಯೇ. 2005ರ ಲಂಡನ್ ಮ್ಯಾರಥಾನಿನಲ್ಲಿ ಪೌಲಾ ರ‍್ಯಾಡ್‌ಕ್ಲಿಫ್ ದಾರಿಯಲ್ಲೇ ನಿಂತು ಹೊಟ್ಟೆ ಹಗುರ ಮಾಡಿಕೊಂಡು ಓಡಿ ಗೆದ್ದರು. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ. ನನ್ನ ಬಳಿ ಬರುವ ಓಟಗಾರರು ಮೊಣಕಾಲಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ, ಮಲದಲ್ಲಿ ರಕ್ತ ಕಂಡದ್ದನ್ನು ಎದ್ದು ಹೋಗುವಾಗ ಬಾಗಿಲ ಬಳಿ ಹೇಳುತ್ತಾರೆ. ದಯವಿಟ್ಟು ಅದನ್ನು ಮೊದಲೇ ಹೇಳಿ.

ನಿಮಗೆ ನನ್ನ ಎರಡು ಪ್ರಶ್ನೆಗಳು. ಮಲದಲ್ಲಿ ರಕ್ತ ಕಂಡಿತೇ, ಮಲ ಕಪ್ಪಾಗಿತ್ತೇ? ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿತ್ತೇ?

ಮುಂಜಾನೆಯ ಓಟಗಾರ

ರಕ್ತ ಇರಲಿಲ್ಲ, ಮಲ ಕಪ್ಪಾಗಿಯೂ ಇರಲಿಲ್ಲ. ಮೂತ್ರ ಆ ದಿನ ಕಡು ಹಳದಿ, ಮರುದಿನಕ್ಕೆ ಸರಿಹೋಯಿತು.

ಜೀರ್ಣಾಂಗ ವೈದ್ಯೆ

ಸಮಾಧಾನ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿ, ಸ್ನಾಯುಗಳು ಊದಿಕೊಂಡು ಮುಟ್ಟಲಾಗದಷ್ಟು ನೋಯುತ್ತಿದ್ದರೆ ಅದು ಸ್ನಾಯುಗಳು ಕರಗುವ ರ‍್ಯಾಬ್ಡೊಮಯೊಲಿಸಿಸ್ ಆಗಿರಬಹುದು. ಅಂಥವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮೂತ್ರಪಿಂಡಗಳು ಕೈಕೊಡುವ ಅಪಾಯವಿದೆ. ನಿಮ್ಮದು ಹಾಗೆ ಕಾಣುವುದಿಲ್ಲ.

ತರಬೇತುದಾರ

ಇಲ್ಲಿ ಯಾರೂ ಇನ್ನೂ ಮಾತ್ರೆಗಳ ಸುದ್ದಿ ಎತ್ತಿಲ್ಲ. ಓಟದ ಆರಂಭದ ಗೆರೆಯ ಬಳಿ ನಿಂತು ನೋಡಿದವರಿಗೆ ಗೊತ್ತು: ಮುನ್ನೆಚ್ಚರಿಕೆಗೆಂದು ಐಬುಪ್ರೊಫೆನ್ ನುಂಗುವವರು, ಡೈಕ್ಲೊಫೆನಾಕ್ ನುಂಗುವವರು, ಇನ್ನೆರಡು ಮಾತ್ರೆಗಳನ್ನು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುವವರು. ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಮರುಕವೂ ಆಗುತ್ತದೆ. ಕರುಳಿನ ಒಳಪದರವನ್ನು ಕಾಪಾಡುವ ಪ್ರೋಸ್ಟಗ್ಲಾಂಡಿನ್‌ಗಳನ್ನೇ ಈ ಮಾತ್ರೆಗಳು ತಡೆಯುತ್ತವೆ. ರಕ್ತ ಕಡಿಮೆಯಾಗಿ ಒದ್ದಾಡುತ್ತಿರುವ ಕರುಳಿಗೆ ಮೇಲಿನಿಂದ ಮತ್ತೊಂದು ಏಟು.

ಅಮೆರಿಕದ 160 ಕಿಲೋಮೀಟರಿನ ವೆಸ್ಟರ್ನ್ ಸ್ಟೇಟ್ಸ್ ಓಟದಲ್ಲಿ ನಡೆದ ಅಧ್ಯಯನದಲ್ಲಿ ಐಬುಪ್ರೊಫೆನ್ ತೆಗೆದುಕೊಂಡವರ ಸ್ನಾಯುನೋವು ಕಡಿಮೆಯಾಗಲೇ ಇಲ್ಲ, ರಕ್ತದಲ್ಲಿ ಕರುಳಿನ ವಿಷಾಂಶ ಮಾತ್ರ ಹೆಚ್ಚಿತ್ತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 80 ಕಿಲೋಮೀಟರ್ ಓಡುವವರಿಗೆ ನಾಲ್ಕು ಗಂಟೆಗೊಮ್ಮೆ 400 ಮಿಲಿಗ್ರಾಂ ಐಬುಪ್ರೊಫೆನ್ ಅಥವಾ ಬರಿಯ ಹುಸಿಮಾತ್ರೆ ಕೊಟ್ಟು ನೋಡಿತು. ಐಬುಪ್ರೊಫೆನ್ ಗುಂಪಿನ ಶೇಕಡಾ 52 ಮಂದಿಯಲ್ಲಿ ಮೂತ್ರಪಿಂಡಕ್ಕೆ ತೀವ್ರ ಪೆಟ್ಟಿನ ಲಕ್ಷಣ ಕಂಡಿತು, ಹುಸಿಮಾತ್ರೆಯವರಲ್ಲಿ ಶೇಕಡಾ 34. ಮಾತ್ರೆ ಇಲ್ಲದೆ ಓಡಲಾಗದಷ್ಟು ಮೊಣಕಾಲು ನೋಯುತ್ತಿದ್ದರೆ ಆ ದಿನ ಓಡಬಾರದು. ನನ್ನ ಬಳಿ ತರಬೇತಿಗೆ ಬರುವವರಿಗೆ ಇದನ್ನು ಮೊದಲ ವಾರವೇ ಹೇಳುತ್ತೇನೆ.

ನೂರರ ನಂಟು

ಐಬುಪ್ರೊಫೆನ್ ಬೇಡವೆಂದರೆ ಪ್ಯಾರಾಸಿಟಮಾಲ್ ಆಗಬಹುದಲ್ಲವೇ? ಮ್ಯಾರಥಾನಿಗಿಂತ ಉದ್ದದ ಅಲ್ಟ್ರಾ ಓಟಗಳಲ್ಲಿ ಬಹಳ ಮಂದಿ ಅದಕ್ಕೆ ಬದಲಾಗಿದ್ದಾರೆ.

ಜೀರ್ಣಾಂಗ ವೈದ್ಯೆ

ಕರುಳಿಗೂ ಮೂತ್ರಪಿಂಡಕ್ಕೂ ಅದು ಮೃದು, ನಿಜ. ಆದರೆ ಅದನ್ನು ಕರಗಿಸುವ ಹೊಣೆ ಯಕೃತ್ತಿನದು. ಪ್ಯಾರಾಸಿಟಮಾಲ್‌ನ ಒಂದು ಸಣ್ಣ ಭಾಗ ಯಕೃತ್ತಿನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ, ಗ್ಲುಟಾಥಯೋನ್ ಎಂಬ ರಕ್ಷಕ ಅದನ್ನು ನಿರ್ವಿಷಗೊಳಿಸುತ್ತದೆ. ಸರಿಯಾಗಿ ಉಣ್ಣದೆ ಗಂಟೆಗಟ್ಟಲೆ ದುಡಿದ ದೇಹದಲ್ಲಿ ಗ್ಲುಟಾಥಯೋನ್ ಕಡಿಮೆಯಾಗಿರಬಹುದು. ಆರೋಗ್ಯವಂತ ವಯಸ್ಕರಿಗೆ ದಿನದ ಮೇಲ್ಮಿತಿ 4 ಗ್ರಾಂ. ಶೀತದ ಮಾತ್ರೆ, ಮೈಕೈನೋವಿನ ಮಾತ್ರೆ, ಜ್ವರದ ಮಾತ್ರೆ ಎಲ್ಲದರಲ್ಲಿಯೂ ಅದು ಬೇರೆ ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಇರುಳಿಡೀ ಓಡುವವರಿಗೆ ಎಣಿಕೆ ತಪ್ಪುವುದು ಸುಲಭ. ಓಟ ಮುಗಿದು, ಊಟ ಮಾಡಿ, ಮೂತ್ರ ಸರಿಯಾಗಿ ಹೋದ ಮೇಲೆ ಒಂದು ಮಾತ್ರೆ ತೆಗೆದುಕೊಂಡರೆ ನನ್ನ ಆಕ್ಷೇಪವಿಲ್ಲ. ಓಡುತ್ತಲೇ ನೋವನ್ನು ಮರೆಸಲು ತೆಗೆದುಕೊಳ್ಳುವುದು ಬೇಡ.

ಪೋಷಣೆಯ ಪಾಠ

ಈಗ ಮೂವತ್ತನೆಯ ಕಿಲೋಮೀಟರಿನ ನೋವಿಗೆ ಬರೋಣ. ನೀವು ಏನು, ಎಷ್ಟು ಹೊತ್ತಿಗೊಮ್ಮೆ ಸೇವಿಸಿದಿರಿ ಎಂದು ಹೇಳಲಿಲ್ಲ. ನಾನು ಕಂಡಂತೆ ಬಹುಪಾಲು ಹೊಟ್ಟೆಯ ತೊಂದರೆಗಳ ಬೇರು ಅಲ್ಲಿದೆ.

ಸಣ್ಣ ಕರುಳು ಗ್ಲೂಕೋಸನ್ನು ಎಸ್‌ಜಿಎಲ್‌ಟಿ1 ಎಂಬ ಸಾಗಣೆದಾರನ ಮೂಲಕ ಒಳಗೆ ತೆಗೆದುಕೊಳ್ಳುತ್ತದೆ. ಅದರ ಮಿತಿ ಗಂಟೆಗೆ ಸುಮಾರು 60 ಗ್ರಾಂ. ಫ್ರಕ್ಟೋಸಿಗೆ ಬೇರೆಯೇ ದಾರಿ, ಜಿಎಲ್‌ಯುಟಿ5. ಎರಡನ್ನೂ ಬೆರೆಸಿ ಕೊಟ್ಟರೆ ಗಂಟೆಗೆ 90 ಗ್ರಾಂವರೆಗೂ ಹೀರಿಕೆ ಸಾಧ್ಯ. ಹೀರದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರೆಳೆದುಕೊಳ್ಳುತ್ತದೆ, ದೊಡ್ಡ ಕರುಳಿನಲ್ಲಿ ಹುಳಿತು ಅನಿಲವಾಗುತ್ತದೆ. ಉಬ್ಬರ, ಹಿಂಡುವ ನೋವು, ಭೇದಿ ಎಲ್ಲವೂ ಅಲ್ಲಿಂದ. ಓಟಗಾರರು ಸೇವಿಸುವ ಸಾಂದ್ರವಾದ ಸಕ್ಕರೆಯ ಜೆಲ್ಲನ್ನು ಸಿಹಿ ಪಾನೀಯದೊಂದಿಗೆ ಸೇವಿಸಿದರೆ ಹೊಟ್ಟೆಯೊಳಗಿನ ದ್ರವ ಪಾಕದಂತಾಗುತ್ತದೆ. ಜೆಲ್ಲಿಗೆ ಬರಿಯ ನೀರು ಕುಡಿಯಿರಿ. ಪಾನೀಯವನ್ನೇ ನೆಚ್ಚಿಕೊಂಡಿದ್ದರೆ ಶೇಕಡಾ 6ರಿಂದ 8ರಷ್ಟು ಸಕ್ಕರೆಯದು ಸಾಕು.

ಇದಕ್ಕಿಂತ ಮುಖ್ಯವಾದದ್ದು ಅಭ್ಯಾಸ. ಕರುಳನ್ನೂ ತರಬೇತುಗೊಳಿಸಬಹುದು. ಎರಡು ವಾರ ಓಟದ ವೇಳೆ ನಿಯಮಿತವಾಗಿ ಕಾರ್ಬೊಹೈಡ್ರೇಟ್ ಸೇವಿಸುತ್ತ ಬಂದವರಲ್ಲಿ ಹೊಟ್ಟೆಯ ತೊಂದರೆ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ತಿಂಗಳುಗಟ್ಟಲೆ ಖಾಲಿ ಹೊಟ್ಟೆಯಲ್ಲಿ ಅಭ್ಯಾಸ ಮಾಡಿ, ಸ್ಪರ್ಧೆಯ ದಿನ ಒಮ್ಮೆಲೇ ಗಂಟೆಗೆ ಮೂರು ಜೆಲ್ ಸುರಿದರೆ ಕರುಳು ಎಲ್ಲಿಂದ ತಡೆದುಕೊಳ್ಳಬೇಕು? ಓಟದ ಹಿಂದಿನ ದಿನ ನಾರು, ಕೊಬ್ಬು ಕಡಿಮೆ ಮಾಡಿ. ಸಾರ್ಬಿಟಾಲ್‌ನಂತಹ ಸಿಹಿಕಾರಕಗಳಿರುವ ತಿನಿಸುಗಳನ್ನು ಆ ದಿನಗಳಲ್ಲಿ ದೂರವಿಡಿ.

ನೂರರ ನಂಟು

ಎಷ್ಟೇ ಅಭ್ಯಾಸ ಮಾಡಿದರೂ ಆರನೆಯ ಗಂಟೆಯ ಹೊತ್ತಿಗೆ ನನಗೆ ಸಿಹಿ ಕಂಡರೇ ವಾಕರಿಕೆ. ಜೆಲ್ ಒಳಗೆ ಹೋಗುವುದೇ ಇಲ್ಲ.

ಪೋಷಣೆಯ ಪಾಠ

ಅಲ್ಟ್ರಾ ಓಟಗಾರರು ಸ್ಪರ್ಧೆ ಬಿಡುವ ಮುಖ್ಯ ಕಾರಣಗಳಲ್ಲಿ ವಾಕರಿಕೆ, ವಾಂತಿ ಒಂದು. ಆಗ ಬಲವಂತವಾಗಿ ನುಂಗಬೇಡಿ. ವೇಗ ಇಳಿಸಿ, ನಡೆಯಿರಿ, ನೆರಳು ಹುಡುಕಿ ಮೈ ತಣ್ಣಗಾಗಿಸಿಕೊಳ್ಳಿ. ಹೊಟ್ಟೆಗೆ ರಕ್ತ ಮರಳಲು ಹತ್ತಿಪ್ಪತ್ತು ನಿಮಿಷ ಕೊಡಿ, ಆಮೇಲೆ ಉಪ್ಪಿನ ರುಚಿಯದನ್ನು ಸ್ವಲ್ಪ ಸ್ವಲ್ಪವೇ ಪ್ರಯತ್ನಿಸಿ. ಇನ್ನೊಂದು ಮುಖ್ಯ ವಿಷಯ: ವಾಕರಿಕೆಗೆ ನೀರು ಸಾಲದ್ದೇ ಕಾರಣವೆಂದು ಎಲ್ಲರೂ ನಂಬುತ್ತಾರೆ, ಅತಿಯಾಗಿ ಕುಡಿದದ್ದೂ ಕಾರಣವಾಗಬಹುದು. ಆಗ ರಕ್ತದ ಉಪ್ಪಿನಂಶವಾದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇಕಡಾ 13 ಮಂದಿಯ ಸೋಡಿಯಂ 135ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿತ್ತು. ಹೊಟ್ಟೆ ಉಬ್ಬರ, ಬೆರಳು ಊದಿಕೊಳ್ಳುವುದು, ತಲೆನೋವು, ಗಲಿಬಿಲಿ ಜೊತೆಗಿದ್ದರೆ ಮತ್ತಷ್ಟು ನೀರು ಕುಡಿಸಬಾರದು, ವೈದ್ಯಕೀಯ ಡೇರೆಗೆ ಕರೆದುಕೊಂಡು ಹೋಗಬೇಕು.

ಬೆಟ್ಟದ ಹಾದಿ

ಮಲದಲ್ಲಿ ರಕ್ತದ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಉದ್ದದ ಬೆಟ್ಟದ ಓಟಗಳ ನಂತರ ನನಗೆ ಕೆಲವು ಸಲ ಕೆಂಪು ರಕ್ತ ಕಂಡಿದೆ, ಎರಡು ದಿನದಲ್ಲಿ ತಾನಾಗಿ ನಿಂತಿದೆ. ಈಗ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 11ಕ್ಕೆ ಇಳಿದಿದೆ. ಮುಟ್ಟಿನ ರಕ್ತಸ್ರಾವದಿಂದ ಎಂದು ಹೇಳಿ ಕಬ್ಬಿಣದ ಮಾತ್ರೆ ಕೊಟ್ಟರು. ತಿಂಗಳುಗಳಾದರೂ ಏರುತ್ತಿಲ್ಲ. ಮೆಟ್ಟಿಲು ಹತ್ತಿದರೂ ಏದುಸಿರು.

ಜೀರ್ಣಾಂಗ ವೈದ್ಯೆ

ನಿಮಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಓಟದ ನಂತರದ ರಕ್ತ ಹಲವು ಸಲ ರಕ್ತದ ಕೊರತೆಯಿಂದ ದೊಡ್ಡ ಕರುಳಿನ ಒಳಪದರ ಸುಲಿದದ್ದರಿಂದ ಬರುತ್ತದೆ. ಇಸ್ಕೀಮಿಕ್ ಕೊಲೈಟಿಸ್ ಎಂದು ಅದಕ್ಕೆ ಹೆಸರು. ಬಹುಪಾಲು ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಆದರೆ "ಓಡಿದ್ದಕ್ಕೆ ಬಂತು" ಎಂಬ ತೀರ್ಮಾನಕ್ಕೆ ಬರುವ ಮೊದಲು ಬೇರೆ ಕಾರಣಗಳು ಇಲ್ಲವೆಂದು ತಿಳಿದುಕೊಳ್ಳಬೇಕು. ಮರುಕಳಿಸುವ ರಕ್ತ ಮತ್ತು ತುಂಬದ ಕಬ್ಬಿಣ, ಎರಡೂ ನಿಮ್ಮಲ್ಲಿವೆ. ವಯಸ್ಸು ಎಷ್ಟೇ ಇರಲಿ, ಕರುಳುದರ್ಶಕ (ಕೊಲೊನೋಸ್ಕೋಪಿ) ಪರೀಕ್ಷೆಯ ಬಗ್ಗೆ ನಿಮ್ಮ ವೈದ್ಯರೊಡನೆ ಮಾತನಾಡಲೇಬೇಕು. ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ತಡಮಾಡಬೇಡಿ.

ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನೂ ಮಾಡಿಸಿ. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗುವ ಈ ಕಾಯಿಲೆಯಲ್ಲಿ ಭೇದಿ ಇರಲೇಬೇಕೆಂದಿಲ್ಲ. ಮಾತ್ರೆಗೆ ಜಗ್ಗದ ಕಬ್ಬಿಣದ ಕೊರತೆ, ಕಾರಣ ಗೊತ್ತಾಗದೆ ಏರಿದ ಎಎಲ್‌ಟಿ, ಇವಿಷ್ಟೇ ಗುರುತಾಗಿರುವುದೂ ಉಂಟು. ಪರೀಕ್ಷೆಗೆ ಮೊದಲೇ ಗ್ಲುಟೆನ್ ಬಿಟ್ಟರೆ ಫಲಿತಾಂಶ ತಪ್ಪಾಗಿ ಬರುತ್ತದೆ, ಅದು ನೆನಪಿರಲಿ.

ಮಾತ್ರೆ ಏಕೆ ಹತ್ತುತ್ತಿಲ್ಲ ಎಂಬುದಕ್ಕೂ ಯಕೃತ್ತಿಗೂ ಸಂಬಂಧವಿದೆ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅದು ಏರಿದಾಗ ಕರುಳು ಕಬ್ಬಿಣಕ್ಕೆ ಬಾಗಿಲು ಹಾಕುತ್ತದೆ. ಕಠಿಣ ವ್ಯಾಯಾಮದ ಮೂರರಿಂದ ಆರು ಗಂಟೆಗಳ ನಂತರ ಹೆಪ್ಸಿಡಿನ್ ಏರಿರುತ್ತದೆ. ಬೆಳಿಗ್ಗೆ ಓಡಿ ಮಧ್ಯಾಹ್ನ ಮಾತ್ರೆ ತೆಗೆದುಕೊಂಡರೆ ಬಹುಪಾಲು ವ್ಯರ್ಥ. ಬೆಳಿಗ್ಗೆಯೇ, ಓಟಕ್ಕೆ ಮೊದಲು ಅಥವಾ ಮುಗಿದ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳುವುದು ಮೇಲು. ಮಾತ್ರೆಯೂ ಹೆಪ್ಸಿಡಿನ್ ಏರಿಸುವುದರಿಂದ ದಿನ ಬಿಟ್ಟು ದಿನ ತೆಗೆದುಕೊಂಡಾಗ ಹೀರಿಕೆ ಉತ್ತಮವೆಂದು ಕಂಡುಬಂದಿದೆ. ಇನ್ನು, ಸ್ಪರ್ಧೆ ಮುಗಿದ ಕೆಲವು ದಿನ ಉರಿಯೂತದಿಂದ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ಆಗ ಪರೀಕ್ಷಿಸಬೇಡಿ.

ಕೊನೆಯದಾಗಿ, ಮುಟ್ಟು ನಿಯಮಿತವಾಗಿದೆಯೇ? ಮಲಬದ್ಧತೆ, ಬೇಗ ಹೊಟ್ಟೆ ತುಂಬಿದಂತಾಗುವುದು ಇದೆಯೇ? ಓಟಕ್ಕೆ ತಕ್ಕಷ್ಟು ಊಟ ಮಾಡದವರಲ್ಲಿ ಕರುಳಿನ ಚಲನೆಯೇ ನಿಧಾನವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ಕ್ರೀಡೆಯಲ್ಲಿನ ಶಕ್ತಿಯ ಕೊರತೆ ಎಂದು ವಿವರಿಸಿತು, 2023ರಲ್ಲಿ ಆ ವಿವರಣೆಯನ್ನು ಪರಿಷ್ಕರಿಸಿತು. ಗಂಡಸರಿಗೂ ಇದು ಅನ್ವಯಿಸುತ್ತದೆ.

ಬೆಟ್ಟದ ಹಾದಿ

ಮುಟ್ಟು ನಾಲ್ಕು ತಿಂಗಳಿಂದ ಬಂದಿಲ್ಲ. ಹಾಗಾದರೆ ಫೆರಿಟಿನ್ ಇಳಿದದ್ದು ಮುಟ್ಟಿನಿಂದ ಹೇಗೆ ಸಾಧ್ಯ! ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

ಜೀರ್ಣಾಂಗ ವೈದ್ಯೆ

ಹಾಗಿದ್ದರೆ ಕರುಳಿನ ಪರೀಕ್ಷೆ, ಸೀಲಿಯಾಕ್ ಪರೀಕ್ಷೆಗಳ ಜೊತೆಗೆ ಕ್ರೀಡಾವೈದ್ಯರನ್ನೂ ನೋಡಿ. ಮೂಳೆಯ ಸಾಂದ್ರತೆಯನ್ನೂ ಅಳೆಸಬೇಕಾಗಬಹುದು. ಅಲ್ಲಿಯವರೆಗೆ ಉದ್ದದ ಓಟ ಬೇಡ.

ಹಿರಿಯ ಸವಾರ

ಪೂರಕಗಳ ಬಗ್ಗೆಯೂ ಒಂದು ಮಾತು. ಎಎಲ್‌ಟಿ ಏರಿದ ಕ್ರೀಡಾಪಟುವನ್ನು "ಯಾವ ಔಷಧಿ" ಎಂದು ಕೇಳಿದರೆ "ಯಾವುದೂ ಇಲ್ಲ" ಎನ್ನುತ್ತಾನೆ. ಡಬ್ಬಿಗಳ ಬಗ್ಗೆ ಬೇರೆಯಾಗಿ ಕೇಳಬೇಕು. ಹಸಿರು ಚಹಾದ ಸಾಂದ್ರ ಸಾರ, ಅಶ್ವಗಂಧ, ಕೊಬ್ಬು ಕರಗಿಸುವ ಮಿಶ್ರಣಗಳು ಕೆಲವರ ಯಕೃತ್ತಿಗೆ ಹಾನಿ ಮಾಡಿದ್ದು ದಾಖಲಾಗಿದೆ. 2013ರಲ್ಲಿ ಹವಾಯಿಯಲ್ಲಿ ಆಕ್ಸಿಎಲೀಟ್ ಪ್ರೊ ಎಂಬ ಪೂರಕ ಸೇವಿಸಿದ ಹಲವರಿಗೆ ತೀವ್ರ ಹೆಪಟೈಟಿಸ್ ಆಯಿತು, ಕೆಲವರ ಯಕೃತ್ತನ್ನೇ ಬದಲಿಸಬೇಕಾಯಿತು. ಗಿಡಮೂಲಿಕೆ ಎಂದು ಬರೆದ ಮಾತ್ರಕ್ಕೆ ಯಕೃತ್ತು ಅದನ್ನು ಬೇರೆ ಕಣ್ಣಿನಿಂದ ನೋಡುವುದಿಲ್ಲ.

ಎಳೆಯ ಓಟಗಾರ

ನನ್ನ ವರದಿಯಲ್ಲಿ ಬಿಲಿರುಬಿನ್ ಮಾತ್ರ 2.1, ಉಳಿದದ್ದೆಲ್ಲ ಸರಿ. ಭಯಪಡಬೇಕೇ?

ಪ್ರಯೋಗಾಲಯದಿಂದ

ಅದರಲ್ಲಿ ಪರೋಕ್ಷ ಬಿಲಿರುಬಿನ್, ಅಂದರೆ ಯಕೃತ್ತು ಇನ್ನೂ ಸಂಸ್ಕರಿಸದ ಪಾಲು, ಎಷ್ಟು ಎಂದು ನೋಡಿ. ಹೆಚ್ಚಿನದು ಅದೇ ಆಗಿದ್ದು, ಹಿಮೊಗ್ಲೋಬಿನ್ ಸರಿಯಿದ್ದರೆ ಅದು ಗಿಲ್ಬರ್ಟ್ ಸ್ಥಿತಿಯಾಗಿರುವ ಸಾಧ್ಯತೆ ಹೆಚ್ಚು. ಹುಟ್ಟಿನಿಂದ ಬಂದದ್ದು, ಹಾನಿಯಿಲ್ಲದ್ದು. ಉಪವಾಸ, ದಣಿವು, ಜ್ವರದಲ್ಲಿ ಏರುತ್ತದೆ. ಪಾದಗಳು ನೆಲಕ್ಕೆ ಬಡಿದು ಕೆಂಪುಕಣಗಳು ಒಡೆಯುವುದರಿಂದಲೂ ಸ್ವಲ್ಪ ಏರಬಹುದು. ವೈದ್ಯರಿಗೆ ಒಮ್ಮೆ ತೋರಿಸಿ, ಭಯ ಬೇಡ.

ಮುಂಜಾನೆಯ ಓಟಗಾರ

ಎರಡು ವಾರ ನಡಿಗೆ ಮಾತ್ರ ಮಾಡಿ ಮತ್ತೆ ರಕ್ತ ಕೊಟ್ಟೆ. ಸಿಕೆ ಸಹಜ, ಎಎಸ್‌ಟಿ 34, ಜಿಜಿಟಿ ಸಹಜ. ಎಎಲ್‌ಟಿ ಮಾತ್ರ 61. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಅಲ್ಟ್ರಾಸೌಂಡಿನಲ್ಲಿ ಯಕೃತ್ತಿನಲ್ಲಿ ಸ್ವಲ್ಪ ಕೊಬ್ಬು ಕಂಡಿದೆ. ನನ್ನ ತಂದೆಗೆ ಮಧುಮೇಹವಿತ್ತು. ಹಾಗಾದರೆ ಮೊದಲಿನ ವೈದ್ಯರು ಹೇಳಿದ್ದೇ ಸರಿಯಾಯಿತಲ್ಲ?

ಜೀರ್ಣಾಂಗ ವೈದ್ಯೆ

ರೋಗದ ಹೆಸರು ಸರಿಯಿತ್ತು. ಅದಕ್ಕೆ ಆಧಾರ ಮಾಡಿಕೊಂಡ ಸಂಖ್ಯೆ ಅದನ್ನು ಹೇಳುತ್ತಿರಲಿಲ್ಲ, ಕೊಟ್ಟ ಸಲಹೆಯಂತೂ ತಲೆಕೆಳಗಾಗಿತ್ತು. ಸ್ನಾಯುವಿನ ಪಾಲು ಕಳೆದ ಮೇಲೆ ಉಳಿದ 61 ಯಕೃತ್ತಿನದು ಎಂದು ಈಗ ಧೈರ್ಯವಾಗಿ ಹೇಳಬಹುದು. ನಿಯಮಿತ ವ್ಯಾಯಾಮ ತೂಕ ಇಳಿಯದಿದ್ದರೂ ಯಕೃತ್ತಿನ ಕೊಬ್ಬನ್ನು ಕಡಿಮೆ ಮಾಡುತ್ತದೆ. ಓಟ ನಿಲ್ಲಿಸುವುದು ಚಿಕಿತ್ಸೆಯನ್ನೇ ನಿಲ್ಲಿಸಿದಂತೆ. ರಕ್ತದ ಸಕ್ಕರೆ, ಕೆಲವು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ನೋಡಿಸಿ. ಓಡದ ದಿನಗಳಲ್ಲಿಯೂ ಸಿಹಿ ಪಾನೀಯ ಕುಡಿಯುವ ಅಭ್ಯಾಸವಿದ್ದರೆ ಬಿಡಿ. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಂದಾಜಿಸುವ ಫಿಬ್-4 ಎಂಬ ಲೆಕ್ಕವಿದೆ. ಅದರಲ್ಲಿ ಎಎಸ್‌ಟಿಯೂ ಸೇರುತ್ತದೆ. ಆ ಲೆಕ್ಕಕ್ಕೆ ಈ 34ನ್ನೇ ಬಳಸಬೇಕು, ಮ್ಯಾರಥಾನಿನ ಮೂರನೆಯ ದಿನದ 164ನ್ನಲ್ಲ. ಎರಡನ್ನೂ ಹಾಕಿ ನೋಡಿದರೆ ಉತ್ತರ ಎಷ್ಟು ಬೇರೆಯಾಗುತ್ತದೆ ಎಂದು ನಿಮಗೇ ತಿಳಿಯುತ್ತದೆ.

ವೈದ್ಯಕೀಯ ಡೇರೆಯ ಸ್ವಯಂಸೇವಕಿ

ಓಟಗಾರರ ಯಕೃತ್ತು ನಿಜವಾಗಿಯೂ ಸೋಲುವ ಒಂದು ಸಂದರ್ಭವಿದೆ: ಶಾಖಾಘಾತ. ಗುದದ್ವಾರದಲ್ಲಿ ಅಳೆದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ, ನಡವಳಿಕೆ ವಿಚಿತ್ರವಾದರೆ ಮೊದಲು ತಣ್ಣಗಾಗಿಸಬೇಕು, ಸಾಗಿಸುವುದು ಆಮೇಲೆ. ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸುವುದೇ ಅತ್ಯಂತ ವೇಗದ ದಾರಿ, ಅದೂ ಅರ್ಧ ಗಂಟೆಯೊಳಗೆ. ಇಲ್ಲಿ ಹೇಳಲೇಬೇಕಾದ ಮಾತು ಇದು: ಎಚ್ಚರ ಬಂತು, ನಗುತ್ತಿದ್ದಾರೆ ಎಂದು ಮನೆಗೆ ಕಳುಹಿಸಬಾರದು. ಯಕೃತ್ತಿನ ಹಾನಿ ಕಾಣಿಸಿಕೊಳ್ಳುವುದು ಎರಡನೆಯ, ಮೂರನೆಯ ದಿನ. ಕಿಣ್ವಗಳು ಸಾವಿರಗಳಿಗೆ ಏರಿ, ರಕ್ತ ಹೆಪ್ಪುಗಟ್ಟುವುದನ್ನು ತೋರಿಸುವ ಐಎನ್‌ಆರ್ ಕೆಡುತ್ತದೆ. ಆ ದಿನಗಳಲ್ಲಿ ಮತ್ತೆ ಮತ್ತೆ ರಕ್ತಪರೀಕ್ಷೆ ಬೇಕು.

ಈಜು, ಸೈಕಲ್, ಓಟ

ಈ ಚರ್ಚೆಯನ್ನು ಓದುತ್ತ ಓದುತ್ತ ಆತಂಕವಾಗುತ್ತಿದೆ. ಹತ್ತು ದಿನದ ಹಿಂದೆ ಮಳೆಯ ನಂತರದ ಕೆಸರುನೀರಿನ ನದಿಯಲ್ಲಿ ಟ್ರಯಥ್ಲಾನ್ ಈಜಿದೆ. ನಿನ್ನೆಯಿಂದ ಚಳಿಜ್ವರ, ತಲೆನೋವು, ಮೀನಖಂಡಗಳಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಓಟದ ನೋವೇ ಇರಬೇಕೆಂದು ಐಬುಪ್ರೊಫೆನ್ ತೆಗೆದುಕೊಳ್ಳೋಣವೆಂದಿದ್ದೆ.

ಜೀರ್ಣಾಂಗ ವೈದ್ಯೆ

ತೆಗೆದುಕೊಳ್ಳಬೇಡಿ. ಓಟದ ಸ್ನಾಯುನೋವು ಹತ್ತನೆಯ ದಿನ ಜ್ವರದೊಂದಿಗೆ ಬರುವುದಿಲ್ಲ. ನೀವು ಬರೆದದ್ದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರದ ಲಕ್ಷಣಗಳಂತಿದೆ. ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ, ಚರ್ಮದ ಸಣ್ಣ ಗಾಯಗಳ ಮೂಲಕ ಅದು ಒಳಗೆ ಬರುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. 1998ರಲ್ಲಿ ಅಮೆರಿಕದ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್ ಕೆರೆಯಲ್ಲಿ ಈಜಿದ ಟ್ರಯಥ್ಲಾನ್ ಸ್ಪರ್ಧಿಗಳಲ್ಲಿ, 2000ದಲ್ಲಿ ಬೋರ್ನಿಯೋದ ಸಬಾಹ್‌ನಲ್ಲಿ ನಡೆದ ಇಕೋ-ಚಾಲೆಂಜ್ ಎಂಬ ಸಾಹಸ ಸ್ಪರ್ಧೆಯವರಲ್ಲಿ ಇದು ಹರಡಿತ್ತು. ಮೊದಲೇ ಪ್ರತಿಜೀವಕ ಕೊಟ್ಟರೆ ಗುಣವಾಗುತ್ತದೆ. ತಡವಾದರೆ ಕಾಮಾಲೆ ಬರಬಹುದು, ಮೂತ್ರಪಿಂಡಗಳೂ ಸೋಲಬಹುದು.

ಈ ಕಾಯಿಲೆಯಲ್ಲಿ ಸಿಕೆಯೂ ಏರುತ್ತದೆ. ಹಾಗಾಗಿ ಸಿಕೆ ಹೆಚ್ಚಿದೆ, ಆದ್ದರಿಂದ ಎಲ್ಲವೂ ವ್ಯಾಯಾಮದಿಂದ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಳೆಯವರೆಗೆ ಕಾಯದೆ ಈಗಲೇ ಆಸ್ಪತ್ರೆಗೆ ಹೊರಡಿ. ನದಿಯಲ್ಲಿ ಈಜಿದ ದಿನಾಂಕವನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ. ನಿಮ್ಮೊಡನೆ ಈಜಿದವರಿಗೆ ಜ್ವರ ಬಂದಿದೆಯೇ ಎಂದು ದಾರಿಯಲ್ಲೇ ಫೋನ್ ಮಾಡಿ ವಿಚಾರಿಸಿ, ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ.